ಹೊಗೆಸೊಪ್ಪಿನ ಮನೆ, ನಮ್ಮ ಮನೆ

ಹಾಸನವನ್ನು ಬಡವರ ಊಟಿ ಅಂತಾರೆ. ಹಾಗೆ ಹೆಸರಿಟ್ಟವರು ಬಡವರಂತೂ ಅಲ್ಲ. ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೊರಟವನಿಗೆ ಮಂಜು ಚೆಂದ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನ ಧನುರ್ಮಾಸದ ಚಳಿಯಲ್ಲಿ, ನಮ್ಮ ಕೇರಿಯ ಶೀಟಿನ ಸೂರಿನಡಿ ಒಂದು ರಾತ್ರಿ ಮಲಗಿ ನೋಡಲಿ. ಊಟಿಯೂ ಮರೆತುಹೋಗುತ್ತದೆ, ಚೆಂದವೂ ಮರೆತುಹೋಗುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ತಾಲ್ಲೂಕುಗಳ ಕೇರಿಗಳಲ್ಲಿ ನಮ್ಮ ನೆಂಟರಿದ್ದಾರೆ. ಮದುವೆಗೋ, ತಿಥಿಗೋ, ಮಾರಿಹಬ್ಬಕ್ಕೋ ಹೋದ ಕಡೆಯಲ್ಲೆಲ್ಲ ಹೆಂಗಸರ ಮಾತು ಕಡೆಗೆ ಬಂದು ನಿಲ್ಲುವುದು ಒಂದೇ ಕಡೆ: "ಸೌದೆಗೇನ್ ಮಾಡ್ತೀಯಕ್ಕ?" ಅಕ್ಕಿ ರಾಗಿಗೆ ಕಾರ್ಡಿದೆ, ಸೌದೆಗೆ ಕಾರ್ಡಿಲ್ಲ.

ಸೌದೆ ಇಲ್ಲವೆಂದಲ್ಲ. ಅದು ಬೇರೆಯವರ ನೆಲದಲ್ಲಿದೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಸೀಮೆ. ಸೋಗೆ, ಮಟ್ಟೆ, ಚಿಪ್ಪು ಎಲ್ಲ ಉರಿಯುವ ವಸ್ತುವೇ. ಆದರೆ ತೋಟ ನಮ್ಮದಲ್ಲ. ಬಿದ್ದ ಸೋಗೆ ಎತ್ತಿಕೊಳ್ಳಬೇಕಾದರೂ ತೋಟದವರ ಮುಖ ನೋಡಬೇಕು. ಅವರು ಹೂಂ ಅಂದರೆ ಆ ಹೂಂಗೆ ಪ್ರತಿಯಾಗಿ ಅವರ ಕೊಟ್ಟಿಗೆ ಗುಡಿಸಬೇಕು. ಹೊಳೆನರಸೀಪುರದ ನಾಲೆ ಬಯಲಲ್ಲಿ ಭತ್ತ ಕಬ್ಬು ಬೆಳೆಯುವ ಗದ್ದೆಯೂ ನಮ್ಮದಲ್ಲ, ಅದರ ಹುಲ್ಲೂ ನಮ್ಮದಲ್ಲ. ಇನ್ನು ಎಲ್ಲರದೂ ಆಗಿದ್ದ ಗೋಮಾಳ? 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಜ್ಯದ ಎಷ್ಟೋ ಗೋಮಾಳಗಳಿಗೆ ನೀಲಗಿರಿ ಬಂತು. ಪುಳ್ಳೆ ಆಯುತ್ತಿದ್ದ ಕುರುಚಲು ಹೋಯಿತು. ಲಾರಿ ಬಂದು ನೀಲಗಿರಿಯನ್ನೂ ಒಯ್ದಿತು.

ಅರಕಲಗೂಡಿನ ಕಥೆಯೇ ಬೇರೆ. ಅದು ಹೊಗೆಸೊಪ್ಪಿನ ಸೀಮೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯಿದೆ. ಆಷಾಢ ಶ್ರಾವಣದ ಜಡಿಮಳೆಯಲ್ಲಿ, ಮೈ ಗಡಗಡ ನಡುಗುವ ಹೊತ್ತಿಗೆ, ಬ್ಯಾರನ್ನುಗಳಿಗೆ ಬೆಂಕಿ ಬೀಳುತ್ತದೆ. ಐದಾರು ದಿನ ಹಗಲೂ ರಾತ್ರಿ ಉರಿ ಆರಕೂಡದು. ಆ ಉರಿ ಕಾಯಲು ಕೂಲಿಗೆ ಹೋಗುವವರಲ್ಲಿ ನಾವಿದ್ದೇವೆ. 35 ಡಿಗ್ರಿಯ ಸುಮಾರಿಗೆ ಶುರುಮಾಡಿ ಮೆಲ್ಲಮೆಲ್ಲಗೆ 70ರ ಹತ್ತಿರಕ್ಕೆ ಏರಿಸಬೇಕು. ಗೋಡೆಯಲ್ಲಿ ಒಂದು ಬಿರುಕು ಕಂಡರೆ "ಮೆತ್ರೋ ಮಣ್ಣ" ಅಂತ ಯಜಮಾನರು ಓಡಿಬರುತ್ತಾರೆ. ಒಲೆಯ ಬಾಯಿ ಹೊರಗೆ. ಬಿಸಿ ಹೊಗೆ ತಗಡಿನ ಕೊಳವೆಯೊಳಗೇ ಬ್ಯಾರನ್ನಿನ ನೆಲವೆಲ್ಲ ಸುತ್ತಿ ಚಿಮಣಿಯಲ್ಲಿ ಆಚೆ ಹೋಗುತ್ತದೆ. ಸೊಪ್ಪಿಗೆ ಕಾವು ತಾಗಬೇಕು, ಹೊಗೆ ತಾಗಕೂಡದು. ತಾಗಿದರೆ ರೇಟು ಬಿತ್ತು.

ನಮ್ಮ ಮನೆಯಲ್ಲಿ ಇದು ತಿರುಗುಮುರುಗು. ಹೊಗೆಯೆಲ್ಲ ಮಕ್ಕಳ ಕಣ್ಣಿಗೆ, ಕಾವೆಲ್ಲ ಸೂರಿನಾಚೆಗೆ. ಸೊಪ್ಪಿಗಿರುವ ಮರ್ಯಾದೆ ಅದನ್ನು ಬೇಯಿಸುವ ಮನುಷ್ಯರಿಗಿಲ್ಲ.

ಹಾಗಿದ್ದ ಮೇಲೆ ಕಾವು ಹಿಡಿಯುವ ವಿದ್ಯೆ ನಮಗೆ ಹೊಸದಲ್ಲ. ಇನ್ನೊಬ್ಬರ ಸೊಪ್ಪಿಗೆ ಮಾಡಿದ್ದನ್ನು ನಮ್ಮ ಮಕ್ಕಳಿಗೂ ಮಾಡಬೇಕು.

ಮೊದಲು ಸೂರು. ಹಳೆಯ ಗುಡಿಸಲು ಸೋರುತ್ತಿತ್ತು, ಕಿಡಿಗೆ ಹೆದರಬೇಕಿತ್ತು. ಅದನ್ನು ಹೊಗಳುವ ಹುಚ್ಚು ನಮಗಿಲ್ಲ. ಆದರೆ ಅದರ ಮಣ್ಣುಗೋಡೆ ಹಗಲಿನ ಬಿಸಿಲು ಕುಡಿದು ರಾತ್ರಿ ವಾಪಸ್ಸು ಕೊಡುತ್ತಿತ್ತು. ದೇವರಾಜ ಅರಸು ಕಾಲದ ಜನತಾ ಮನೆಯಿಂದ ಈಚೆಗೆ ಎಷ್ಟೋ ಯೋಜನೆ ಬಂದವು. ನಮಗೆ ಸಿಕ್ಕ ಹಣಕ್ಕೆ ಎದ್ದದ್ದು ತೆಳ್ಳನೆ ಗೋಡೆ, ಮೇಲೊಂದು ಶೀಟು. ಕಟ್ಟಿದ ಗುತ್ತಿಗೆದಾರ ಗೋಡೆಗೂ ಶೀಟಿಗೂ ನಡುವೆ ಗೇಣುದ್ದ ಸಂದು ಬಿಟ್ಟು ಹೋದ. ಕೇಳಿದರೆ "ಗಾಳಿ ಬೆಳಕು ಬರ್ಲಿ ಬುಡಿ" ಅಂದ. ಬೆಚ್ಚನೆ ಗಾಳಿ ಮೇಲೇರುತ್ತದೆ, ಸಂದಿಯಲ್ಲಿ ಆಚೆ ಹೋಗುತ್ತದೆ. ಉಳಿದ ಕಾವನ್ನು ಶೀಟು ಆಕಾಶಕ್ಕೆ ಕೊಡುತ್ತದೆ. ನಾವು ಮಲಗುವ ಕಡೆಯ ಸಂದಿಗೆ ಮಣ್ಣಿಗೆ ಹೊಟ್ಟು ಕಲಸಿ ಮೆತ್ತಿದೆವು. ಅಲ್ಲಿ ಶೀಟಿನಿಂದ ಒಂದು ಮೊಳ ಕೆಳಗೆ ಬಿದಿರು ತಟ್ಟಿ ಕಟ್ಟಿ ಅದಕ್ಕೂ ಮಣ್ಣು ಬಳಿದೆವು. ನಡುವೆ ನಿಂತ ಗಾಳಿಯೇ ಕಂಬಳಿ. ದುಡ್ಡು ಹೋದದ್ದು ಬಿದಿರಿಗೆ ಮಾತ್ರ. ಒಲೆಯ ಮೇಲೆ ತಟ್ಟಿ ಕಟ್ಟಬಾರದು, ಅಲ್ಲಿ ಹೊಗೆಕಿಂಡಿ ಇರಲೇಬೇಕು.

ಎರಡನೆಯದು ಒಲೆ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಬಹುಪಾಲು ಪಾತ್ರೆಗೆ ತಾಗುವುದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮೂರು ಪಾತ್ರೆ ಕೂರುವ, ಚಿಮಣಿ ಇರುವ ಒಲೆ ಮಾಡಿದರು. ಅದೇ ಅಸ್ತ್ರ ಒಲೆ. ಬ್ಯಾರನ್ನಿನ ಲೆಕ್ಕವೇ ಅಲ್ಲೂ: ಕಾವು ಒಳಗೆ, ಹೊಗೆ ಹೊರಗೆ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅದನ್ನು ಉರಿಸಿದರೆ ಸಾರಿಗಿಂತ ಮೊದಲು ಆ ನೀರನ್ನು ಕುದಿಸಿದ ಹಾಗೆ. ಬೇಸಿಗೆಯಲ್ಲೇ ಒಣಗಿಸಿ ಒಟ್ಟಬೇಕು. ಕಾಳು ಹಿಂದಿನ ರಾತ್ರಿ ನೆನೆಯಬೇಕು. ಕುದಿ ಬಂದ ಬೇಳೆಯ ಪಾತ್ರೆಯನ್ನು ಮುಚ್ಚಳ ಸಮೇತ ಹುಲ್ಲು ತುಂಬಿದ ಪುಟ್ಟಿಯಲ್ಲಿಟ್ಟು ಗೋಣಿ ಹೊದಿಸಿದರೆ ಮಿಕ್ಕದ್ದು ತಾನಾಗಿ ಬೇಯುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ: ಬಾಗಿಲು ಹಾಕಿಕೊಂಡು ಬಾಣಲಿಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಅದರ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಸರ್ಕಾರಗಳು ಏನೂ ಕೊಡಲಿಲ್ಲ ಅಂತ ನಾವು ಹೇಳುವುದಿಲ್ಲ. 2016ರಲ್ಲಿ ಉಜ್ವಲ ಬಂತು, ಒಲೆ ಸಿಲಿಂಡರ್ ಬಂದವು. ಖಾಲಿಯಾದಾಗ ತುಂಬಿಸಲು ಎರಡು ಮೂರು ದಿನದ ಕೂಲಿ ಬೇಕು, ಹಾಗಾಗಿ ಗ್ಯಾಸು ನೆಂಟರ ಕಾಫಿಗೆ, ಸೌದೆ ನಮ್ಮ ಮುದ್ದೆಗೆ. 2023ರಲ್ಲಿ ಗೃಹಜ್ಯೋತಿ ಬಂತು, 200 ಯೂನಿಟ್ ಒಳಗಿದ್ದವರಿಗೆ ಉಚಿತ ಅಂದರು. ಆದರೆ ಪ್ರತಿ ಮನೆಯ ಮಿತಿಯನ್ನು ಕಟ್ಟಿದ್ದು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ. ಫ್ರಿಜ್ಜು ಗೀಸರು ಇದ್ದವರಿಗೆ ದೊಡ್ಡ ಮಿತಿ, ಎರಡು ಬಲ್ಬಿನಡಿ ಕೂತವರಿಗೆ ಸಣ್ಣ ಮಿತಿ. ಒಂದು ಕಿಲೋವ್ಯಾಟ್ ಕಾಯಿಲ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನೀರು ಕಾಯಿಸಲು ಅದನ್ನು ನೆಚ್ಚಿದರೆ ನಮ್ಮ ಮಿತಿ ತಿಂಗಳ ನಡುವೆಯೇ ಮುಗಿಯುತ್ತದೆ. ಹಂಡೆ ಒಲೆಗೆ ಮಟ್ಟೆಯೇ ಗತಿ. ಮಟ್ಟೆಗೆ ಮತ್ತೆ ತೋಟದವರ ಮುಖವೇ ಗತಿ.

ಮಣ್ಣು ಮೆತ್ತುವುದು, ಸೌದೆ ಒಣಗಿಸುವುದು ನಮ್ಮ ಕೈಲಾಗುತ್ತದೆ, ಮಾಡೋಣ. ಆದರೆ ಗೋಡೆಯ ದಪ್ಪ, ಸೂರಿನ ಜಾತಿ, ಗೋಮಾಳದ ಮರ ನಮ್ಮೊಬ್ಬರ ಕೈಯಲ್ಲಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಹುಡುಗ ಹುಡುಗಿಯರೇ, ಮುಂದಿನ ಗ್ರಾಮಸಭೆಗೆ ನೀವೂ ಬನ್ನಿ. ಮನೆ ಎಷ್ಟು ಮಂಜೂರಾಯಿತು ಅಂತ ಎಲ್ಲರೂ ಕೇಳುತ್ತಾರೆ. ಆ ಮನೆಯೊಳಗೆ ಧನುರ್ಮಾಸದಲ್ಲಿ ಮಗು ನಡುಗದೆ ಮಲಗುತ್ತದೆಯೋ ಅಂತ ನಾವು ಕೇಳೋಣ. ಉಳಿದ ಗೋಮಾಳದಲ್ಲಿ ಹೊಂಗೆ, ಜಾಲಿ ಹಾಕಿ, ಅದರ ಪುಳ್ಳೆಯ ಮೇಲೆ ಕೇರಿಗೆ ಹಕ್ಕು ಬರೆದುಕೊಡಿ ಅಂತ ಕೇಳೋಣ. ಬೆಚ್ಚಗಿರುವುದು ಭಿಕ್ಷೆಯಲ್ಲ. ಹೊಗೆಸೊಪ್ಪಿಗೆ ಸಿಕ್ಕಿದ್ದು ಮನುಷ್ಯರಿಗೂ ಸಿಗಬೇಕು.