ಹರಿದ ತಮಟೆ

ನಮ್ಮಪ್ಪ ತಮಟೆ ಬಡಿಯುವುದಕ್ಕಿಂತ ತಮಟೆ ಕಟ್ಟುವುದರಲ್ಲಿ ಗಟ್ಟಿಗ. ಸುತ್ತಲ ಹಳ್ಳಿಗಳ ಕೇರಿಗಳಿಂದ ಹರಿದ ತಮಟೆ, ಸಡಿಲಾದ ಬಾರು, ಬಿರುಕು ಬಿಟ್ಟ ಬಳೆ ಎಲ್ಲವೂ ನಮ್ಮ ಗುಡಿಸಲ ಮುಂದಿನ ಹುಣಸೆ ಮರದಡಿಗೆ ಬರುತ್ತಿದ್ದವು. ಗಡಿಯಾರ ರಿಪೇರಿ ಮಾಡುವವನನ್ನು, ಹಾರ್ಮೋನಿಯಂ ರಿಪೇರಿ ಮಾಡುವವನನ್ನು ಪೇಟೆಯವರು ಮೇಸ್ತ್ರಿ ಎಂದು ಕರೆಯುತ್ತಾರೆ. ನಮ್ಮಪ್ಪನನ್ನು ಊರು 'ಲೇ' ಎಂದು ಕರೆಯುತ್ತಿತ್ತು.

ಆ ಕೆಲಸ ಹೇಗೆ ಅಂತ ಹೇಳುತ್ತೇನೆ. ಗೆಳೆಯರು ಇದನ್ನೂ ಒಂದು ವಿದ್ಯೆ ಎಂದು ತಿಳಿಯಬೇಕು. ಸತ್ತ ಕರುವಿನ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಬೇಕು. ಕೂದಲು ಸಡಿಲಾದ ಮೇಲೆ ಮೊಂಡು ಕತ್ತಿಯಿಂದ ಕೂದಲನ್ನೂ ಒಳಮೈಗೆ ಅಂಟಿದ ಮಾಂಸವನ್ನೂ ಹೆರೆಯಬೇಕು. ಎಲ್ಲ ಕಡೆ ದಪ್ಪ ಒಂದೇ ಸಮ ಇರಬೇಕು. ಒಂದು ಕಡೆ ದಪ್ಪ ಉಳಿದರೆ ದನಿ ಅಲ್ಲೇ ಸತ್ತುಹೋಗುತ್ತದೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಅಂಟು. ಅಂಟು ಬಳಿದ ಬಳೆಯ ಮೇಲೆ ಒದ್ದೆ ಚರ್ಮ ಎಳೆದು, ಹಿಂದುಗಡೆ ಬಾರಿನಿಂದ ಅಡ್ಡಡ್ಡ ಬಿಗಿದು, ನೆರಳಲ್ಲಿ ಒಣಗಿಸಬೇಕು. ಆತುರಕ್ಕೆ ಬಿಸಿಲಿಗಿಟ್ಟರೆ ಸೀಳುತ್ತದೆ.

ಕೊನೆಯ ಹದ ಬೆಂಕಿಯದು. ಚರ್ಮ ಗಾಳಿಯ ತೇವ ಕುಡಿದು ಸಡಿಲಾಗುತ್ತದೆ. ಹುಲ್ಲಿನ ಉರಿಗೆ ಹಿಡಿದರೆ ತೇವ ಬಿಟ್ಟು ಬಿಗಿಯುತ್ತದೆ. ಅಪ್ಪ ಬೆರಳಲ್ಲಿ ಕುಟ್ಟಿ ಕಿವಿಗೊಟ್ಟು, 'ಇನ್ನೊಂದು ಹಿಡಿ ಹುಲ್ಲಾಕ್ಲಾ ಮಗ' ಅನ್ನುತ್ತಿದ್ದ.

1979ರ ಮಳೆಗಾಲ. ನಾನು ಏಳನೇ ಕ್ಲಾಸು. ಊರ ಯಜಮಾನರ ಮನೆಯಲ್ಲಿ ಸಾವು. ಹೇಳಿಕಳಿಸಿದರು ಅಂದರೆ ಹೋಗಲೇಬೇಕು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತ್ತು. ನಮ್ಮೂರಿಗೆ ಆ ಕಾಗದ ಇನ್ನೂ ಬಂದಿರಲಿಲ್ಲ.

ಮಳೆಗೆ ತಮಟೆ ನೆನೆದು ದಬದಬ ಅನ್ನುತ್ತಿತ್ತು. ಕಾಯಿಸಲು ಒಣಹುಲ್ಲಿಲ್ಲ. ಅಪ್ಪ ದೂರ ನಿಂತು, 'ಬುದ್ಧಿ, ಒಂದು ಹಿಡಿ ಹುಲ್ಲು ಕೊಡ್ಸಿ' ಎಂದು ಕೇಳಿದ. ಯಾರೂ ಕೊಡಲಿಲ್ಲ. 'ಹೆಣದ ಮುಂದೆ ನಿನ್ ತಮಟೆ ಕೆಮ್ತಾ ಐತಲ್ಲೋ' ಎಂದು ಆ ಮನೆಯವನೊಬ್ಬ ಝಾಡಿಸಿ ಒದ್ದ. ಚರ್ಮ ಅಂಗೈಯಗಲ ಹರಿಯಿತು. ಅಪ್ಪ ಮಾತಾಡಲಿಲ್ಲ. ಹರಿದ ತಮಟೆಯನ್ನೇ ಮಸಣದ ತನಕ ಬಡಿದ.

ಅವತ್ತು ರಾತ್ರಿ ಬುಡ್ಡಿದೀಪ ಇಟ್ಟುಕೊಂಡು ಹರಿದ ಚರ್ಮ ಬಿಚ್ಚತೊಡಗಿದ. ನನಗೆ ಹೊಟ್ಟೆಯೆಲ್ಲ ಉರಿಯುತ್ತಿತ್ತು.

'ಯಾಕಪ್ಪ ರಿಪೇರಿ ಮಾಡ್ತೀಯ? ಒಲೆಗಾಕು.'

'ಒದ್ದೋನು ಅವ್ನು. ಹರ್ದಿದ್ದು ನಂದು ಕಣ್ಲಾ. ನಂದನ್ನ ನಾನು ಸರಿ ಮಾಡ್ಕಬಾರ್ದಾ?'

ನನಗೆ ಉತ್ತರ ಹೊಳೆಯಲಿಲ್ಲ.

ಮುಂದೆ ಕಾಲೇಜಿಗೆ ಹೋದೆ. ದಲಿತ ಸಂಘರ್ಷ ಸಮಿತಿಯ ಸಭೆಗಳಿಗೆ ಹೋದೆ. ತಮಟೆ ನಮ್ಮ ಗುಲಾಮಗಿರಿಯ ಗುರುತು, ಬಿಸಾಕಿ ಎನ್ನುವವರಿದ್ದರು. ಅದು ನಮ್ಮ ದನಿ, ಎತ್ತಿಕೊಳ್ಳಿ ಎನ್ನುವವರೂ ಇದ್ದರು. ನಾನು ಬಿಸಾಕುವವರ ಕಡೆ. ಒಂದು ಜಾಥಾ ನಮ್ಮೂರಿನ ಮೇಲೆ ಹಾದಾಗ ಅಪ್ಪ ತಾನಾಗಿ ತಮಟೆ ಕಾಯಿಸಿಕೊಂಡು ಬಂದು ಮುಂದೆ ನಿಂತ. ಯಾರೂ ಅವನಿಗೆ ಹೇಳಿಕಳಿಸಿರಲಿಲ್ಲ. ಮಾರನೆಯ ದಿನದಿಂದ ಊರ ಸಾವಿಗೆ ಹೋಗುವುದನ್ನು ನಿಲ್ಲಿಸಿದ. ಆ ವರ್ಷ ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಹಸಿದೆವು, ಆದರೆ ಅಪ್ಪ ಮತ್ತೆ ಹೋಗಲಿಲ್ಲ.

ನಾನೀಗ ಮೇಷ್ಟ್ರು, ರಿಟೈರಾಗುವ ಕಾಲ. ಭಾನುವಾರ ಅದೇ ಮರದಡಿ ತಮಟೆ ಕಟ್ಟುತ್ತೇನೆ. ಹುಡುಗರು, 'ಮೇಷ್ಟ್ರೆ, ಫೈಬರ್ ಹಾಕ್ಕೊಡಿ' ಅನ್ನುತ್ತಾರೆ. ಅದು ಪಾಲಿಯೆಸ್ಟರ್ ಹಾಳೆ. 1950ರ ದಶಕದಲ್ಲಿ ಅಮೆರಿಕದವರು ಡ್ರಮ್ಮುಗಳಿಗೆ ಹಾಕತೊಡಗಿದ್ದು. ಕಬ್ಬಿಣದ ಬಳೆ, ಸುತ್ತ ಬೋಲ್ಟು. ಸ್ಪ್ಯಾನರಿನಲ್ಲಿ ತಿರುಗಿಸಿದರೆ ಶ್ರುತಿ ಏರುತ್ತದೆ. ಮಳೆಗೆ ಸಡಿಲಾಗುವುದಿಲ್ಲ. ಒಂದು ಹಿಡಿ ಹುಲ್ಲಿಗಾಗಿ ಯಾರ ಮುಂದೆಯೂ ನಿಲ್ಲಬೇಕಿಲ್ಲ. 2020ರ ಗೋಹತ್ಯೆ ನಿಷೇಧ ಕಾಯಿದೆ ಬಂದ ಮೇಲಂತೂ ಚರ್ಮದ ಮೂಟೆ ಹಿಡಿದು ಬಸ್ಸು ಹತ್ತಲು ಈ ಹುಡುಗರು ಹೆದರುತ್ತಾರೆ. ಹಾಗಾಗಿ ಫೈಬರನ್ನೂ ಹಾಕಿಕೊಡುತ್ತೇನೆ. ಅದರ ದನಿ ಕಿವಿಗೆ ಚುರುಕಾಗಿ ಬಡಿಯುತ್ತದೆ. ಚರ್ಮದ ದನಿಯ ಆಳ ಅದಕ್ಕಿಲ್ಲ.

ಹೋದ ತಿಂಗಳು ನನ್ನ ಶಾಲೆಯ ಹುಡುಗನೊಬ್ಬ ಕಲಿಯಲು ಬಂದ. ಹಿಂದೆಯೇ ಅವನ ಅವ್ವ ಬಂದಳು. 'ಮೇಷ್ಟ್ರೆ, ನಿಮ್ಮ ಕಾಲು ಹಿಡೀತೀನಿ, ನನ್ನ ಮಗನ ಕೈಗೆ ಚರ್ಮ ಕೊಡಬ್ಯಾಡಿ. ಪುಸ್ತಕ ಕೊಡಿ.' ನಾನು ಅವತ್ತು ಅಪ್ಪನಿಗೆ ಹೇಳಿದ್ದನ್ನೇ ಅವಳೂ ಹೇಳಿದಳು. ಏನು ಹೇಳಲಿ? ಮೃದಂಗಕ್ಕೂ ಹಸು, ಮೇಕೆ, ಎಮ್ಮೆಯ ಚರ್ಮವೇ ಎನ್ನಲೇ? ಅದನ್ನು ಕಟ್ಟುವ ತಮಿಳುನಾಡಿನ ದಲಿತ ಕ್ರೈಸ್ತರ ಬಗ್ಗೆ ಟಿ. ಎಂ. ಕೃಷ್ಣ 2020ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಮೃದಂಗ ಸಭೆಯೊಳಗೆ ಕೂತಿತು, ಕಟ್ಟಿದವನು ಆಚೆ ಉಳಿದ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು ಎನ್ನಲೇ? ನಮಗೆಲ್ಲ ಸಂತೋಷವೇ. ಆದರೆ ಆ ತಾಯಿಯ ಭಯ ಪದ್ಮಶ್ರೀಯಿಂದ ಹೋಗುವಂಥದಲ್ಲ. ಹುಡುಗನಿಗೆ ಪುಸ್ತಕ ಕೊಟ್ಟು ಕಳಿಸಿದೆ. ದೊಡ್ಡವನಾಗಿ ಬೇಕೆನಿಸಿದರೆ ಬರಲಿ. ಚರ್ಮದ ಹದ, ಅಂಟಿನ ಅಳತೆ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ನನ್ನದು ಒಂದೇ ಕರಾರು. ನಾನು ಕಟ್ಟಿದ ತಮಟೆಯನ್ನು ಹಬ್ಬಕ್ಕೆ ಬಡಿಯಿರಿ, ಮದುವೆಗೆ ಬಡಿಯಿರಿ, ಹೋರಾಟಕ್ಕೆ ಬಡಿಯಿರಿ. ಯಾರದೋ ಅಪ್ಪಣೆಗೆ ಬಿಟ್ಟಿ ಬಡಿಯಬೇಡಿ.

ನಿನ್ನೆ ಪಕ್ಕದೂರಿನ ಹುಡುಗನೊಬ್ಬ ಹರಿದ ತಮಟೆ ತಂದ. ಅಂಗೈಯಗಲ ಹರುಕು. 'ಹೆಂಗಾಯ್ತಪ್ಪ?' ಎಂದೆ. ತಲೆ ತಗ್ಗಿಸಿದ. ತುಂಬ ಹೊತ್ತಾದ ಮೇಲೆ, 'ಜಾತ್ರೆಗೆ ಬರಲ್ಲ ಅಂದೆ ಮೇಷ್ಟ್ರೆ' ಅಂದ.

ಹೊಸ ಚರ್ಮ ನೆನೆಹಾಕಿದ್ದೇನೆ. ಕಟ್ಟಿ ಒಣಗಲು ಇನ್ನೂ ದಿನಗಳು ಬೇಕು. ಹಳೆಯ ಚರ್ಮವನ್ನು ಬಿಸಾಕಿಲ್ಲ, ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ. 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರತಿಯೂ ಜೊತೆಗಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಠಾಣೆಗೆ ಹೊರಟಿದ್ದೇವೆ.