ಜಂಗಮವಾಣಿಯೂ ಸ್ಥಾವರರಾದ ಬಾಲಕರೂ

ದೂರವಾಣಿಯು ತಂತಿಯ ಬಂಧನವನ್ನು ಕಳಚಿಕೊಂಡು ಜನರ ಜೇಬನ್ನು ಸೇರಿದಾಗ ನಮ್ಮವರು ಅದಕ್ಕೆ ‘ಜಂಗಮವಾಣಿ’ಯೆಂದು ನಾಮಕರಣ ಮಾಡಿದರು. ಹೆಸರು ಅನ್ವರ್ಥವಾಗಿಯೇ ಇದ್ದಿತು. ಆದರೆ ಆ ಜಂಗಮವಸ್ತುವನ್ನು ಕೈಗೆತ್ತಿಕೊಂಡ ಹದಿನೈದು ವರ್ಷದ ಬಾಲಕನು ಜಗಲಿಯ ಮೂಲೆಯಲ್ಲಿ ತಾನೇ ಸ್ಥಾವರನಾಗಿ ಕುಳಿತುಬಿಡುವನೆಂದು ಹೆಸರಿಟ್ಟವರು ಊಹಿಸಿರಲಾರರು.

ಕೊಡಗಿನಲ್ಲಿ ಈ ವಿಷಯವನ್ನು ವಿಚಾರಿಸುವವರು ಮಳೆಗಾಲವನ್ನು ಮರೆಯಕೂಡದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬವು 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳನ್ನು ಕೂಡಿಸಿತೆಂಬುದು ನಿಜ. ಆದರೆ ಅದು ಬೇಸಗೆಯ ಸಂಭ್ರಮ. ಆಷಾಢದಲ್ಲಿ ಬಯಲೆಲ್ಲ ಕೆಸರು, ಮನೆಗಳು ಕಾಫಿತೋಟಗಳ ನಡುವೆ ಒಂದೊಂದೇ, ಗೆಳೆಯನ ಮನೆಗೆ ಹೋಗಬೇಕಾದರೆ ಜಿಗಣೆಗಳ ದಾರಿ. ಸಂಜೆ ಐದಕ್ಕೇ ಕತ್ತಲು ಕವಿದ ಮನೆಯೊಳಗೆ ಹುಡುಗನು ಏನು ಮಾಡತಕ್ಕದ್ದು? ‘ಹೊರಗೆ ಹೋಗಿ ಆಡು’ ಎಂಬ ಪಟ್ಟಣದ ಉಪದೇಶವು ಇಲ್ಲಿ ನಾಲ್ಕು ತಿಂಗಳು ನಿಷ್ಪ್ರಯೋಜಕ.

ಮಕ್ಕಳು ಈ ಯಂತ್ರವನ್ನು ಕದ್ದು ತಂದವರೂ ಅಲ್ಲ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಕ್ಕಾಗಿ ನಾವೇ ಅದನ್ನು ಅವರ ಕೈಗಿತ್ತೆವು. 2021ರಲ್ಲಿ ಶನಿವಾರಸಂತೆಯ ಕಡೆಯ ಮುಳ್ಳೂರು ಸರಕಾರಿ ಶಾಲೆಯ ಉಪಾಧ್ಯಾಯರೊಬ್ಬರು ನೆಟ್‌ವರ್ಕಿಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಠ ಹೇಳಿದರು. ಅಂಥ ಶ್ರದ್ಧೆಯನ್ನು ಸ್ಮರಿಸಿದಾಗ ಯಂತ್ರವನ್ನು ಸಾರಾಸಗಟಾಗಿ ಹಳಿಯಲು ನನ್ನ ನಾಲಗೆ ಏಳದು. ಶಾಲೆ ತೆರೆಯಿತು, ಯಂತ್ರ ಮಾತ್ರ ಕೈಯಲ್ಲಿಯೇ ಉಳಿಯಿತು.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ಓದಿದ ಕಾವ್ಯಗಳಲ್ಲಿ ಪ್ರತಿ ಸರ್ಗದ ಕೊನೆಗೂ ‘ಇತಿ’ ಎಂದಿರುತ್ತಿತ್ತು. ಅಲ್ಲಿಗೆ ಪುಸ್ತಕ ಮಡಿಸಿ, ಕಣ್ಣೆತ್ತಿ ಮಳೆಯನ್ನು ನೋಡುತ್ತ ಓದಿದ್ದನ್ನು ಮೆಲುಕು ಹಾಕುತ್ತಿದ್ದೆವು. ಬೇಸರವೇ ಆಗ ನಮ್ಮ ಸಹಪಾಠಿ. ಈ ತೆರೆಗೆ ‘ಇತಿ’ಯೆಂಬುದಿಲ್ಲ. ಎಷ್ಟು ಸರಿಸಿದರೂ ಮುಗಿಯದ ಪುಟದ ಉಪಾಯವನ್ನು 2006ರಲ್ಲಿ ಕಂಡುಹಿಡಿದರಂತೆ. ಹತ್ತು ನಿಸ್ಸಾರ ಚಿತ್ರಗಳ ಬಳಿಕ ಒಂದು ರಂಜಕವಾದುದು ಬಂದೀತು. ಅದು ಯಾವಾಗಲೆಂದು ತಿಳಿಯದಿರುವುದರಿಂದಲೇ ಬೆರಳು ನಿಲ್ಲದು. ಜೂಜುಕಟ್ಟೆಯ ನ್ಯಾಯವೂ ಇದೇ.

ಇದರಿಂದ ಮೊದಲು ಕೆಡುವುದು ನಿದ್ರೆ. ಹದಿಹರೆಯದಲ್ಲಿ ದೇಹದ ಗಡಿಯಾರವು ಸ್ವಭಾವತಃ ತುಸು ಹಿಂದೆ ಬೀಳುವುದು. ರಾತ್ರಿಯ ತೆರೆಬೆಳಕು ಅದನ್ನು ಇನ್ನಷ್ಟು ತಡಮಾಡುವುದು. ಈ ವಯಸ್ಸಿಗೆ 8ರಿಂದ 10 ಗಂಟೆಯ ನಿದ್ರೆ ಅವಶ್ಯವೆನ್ನುತ್ತಾರೆ. ಆದರೆ ಶಾಲೆಯ ಬಸ್ಸು ಯಾರಿಗಾಗಿಯೂ ಕಾಯದು.

ಹಾಗೆಂದು ತೆರೆ ನೋಡುವ ಹುಡುಗರೆಲ್ಲರೂ ರೋಗಿಗಳೆನ್ನುವುದು ಅವಿಚಾರ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಆಟದ ಗೀಳನ್ನು ವ್ಯಾಧಿಗಳ ಪಟ್ಟಿಗೆ ಸೇರಿಸಿದಾಗ, ಹಿಡಿತ ತಪ್ಪಿರಬೇಕು, ಹಾನಿಯಾದರೂ ಬಿಡಲಾಗದಿರಬೇಕು, ಸಾಮಾನ್ಯವಾಗಿ ಒಂದು ವರ್ಷ ಹೀಗೆ ನಡೆದಿರಬೇಕೆಂದು ಲಕ್ಷಣ ಹೇಳಿತು. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದಲೇ ಪ್ರತ್ಯೇಕ ಚಿಕಿತ್ಸಾಲಯವಿದೆ. ನನಗೆ ಚಿಂತೆಯಿರುವುದು ಅಲ್ಲಿಗೆ ಹೋಗಬೇಕಾಗಿಲ್ಲದ ಹುಡುಗರ ವಿಷಯದಲ್ಲಿ.

ನೆರೆಮನೆಯ ಹತ್ತನೆಯ ತರಗತಿಯ ಬಾಲಕನೊಬ್ಬನು ಸಂಸ್ಕೃತ ಪಾಠಕ್ಕೆ ನನ್ನಲ್ಲಿಗೆ ಬರುತ್ತಾನೆ. ಕುಶಾಗ್ರಮತಿ. ಎರಡು ವರ್ಷದ ಹಿಂದೆ ಒಂದು ಕಥೆಯನ್ನು ಪೂರ್ತಿಯಾಗಿ ಓದಿ ತನ್ನ ಮಾತಿನಲ್ಲಿ ಹೇಳುತ್ತಿದ್ದವನ ಕೈ ಈಚೆಗೆ ನಾಲ್ಕನೆಯ ಸಾಲಿಗೇ ಜೇಬನ್ನು ತಡವತೊಡಗಿತು. ಮಾತೂ ತುಂಡುತುಂಡಾಯಿತು. ಗದ್ದೆಯ ಕಥೆ ಹೇಳುತ್ತಿದ್ದ ಅಜ್ಜಿಗೆ ಅವನು ‘ಹ್ಞೂಂ’ ಎನ್ನುವುದನ್ನೂ ಮರೆತಿದ್ದನು. ಆಕೆ ಹೇಳುವುದನ್ನೇ ನಿಲ್ಲಿಸಿದರು. ಕಳೆದ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ವಿದ್ಯುತ್ತಿಲ್ಲದಾಗ ಮಾತ್ರ ಅಜ್ಜಿಯ ಕಥೆ ಪುನಃ ಆರಂಭವಾಯಿತು. ದೀಪ ಬಂದ ರಾತ್ರಿ ನಿಂತಿತು.

ಅದನ್ನು ಗಮನಿಸಿದವರು ಅವನ ತಾಯಿ. ರಾತ್ರಿ ಒಂಬತ್ತರ ಮೇಲೆ ಮನೆಯ ಸಮಸ್ತ ಮೊಬೈಲುಗಳೂ ಅಡುಗೆಮನೆಯ ಅಕ್ಕಿಡಬ್ಬದ ಮೇಲಿರಬೇಕೆಂದು ಆಕೆ ಕಟ್ಟಳೆ ಮಾಡಿದರು. “ಅಪ್ಪನದೂ?” ಎಂದು ಹುಡುಗ ಕೇಳಿದನು. ಅಪ್ಪನದೂ. ಮೊದಲ ವಾರ ಕಟ್ಟಳೆಯನ್ನು ಮುರಿದವನು ಹುಡುಗನಲ್ಲ. ಕಾಳುಮೆಣಸಿನ ಧಾರಣೆಯ ನೆಪದಿಂದ ತಂದೆಯೇ ಎರಡು ಬಾರಿ ಅಡುಗೆಮನೆಗೆ ಹೋದರಂತೆ. ಈಗ ಮೂರು ತಿಂಗಳಾಯಿತು. ಹುಡುಗನು ಎರಡು ಪುಟದವರೆಗೆ ಓದುತ್ತಾನೆ. ಅಜ್ಜಿಯು ಗದ್ದೆಗೆ ಆನೆ ನುಗ್ಗಿದ ಕಥೆಯವರೆಗೆ ಬಂದಿದ್ದಾರೆ.