ಹುಲ್ಲಿನ ಬಂಡಿಯಲ್ಲಿ ಕ್ಷಿಪಣಿ

ನಮ್ಮ ಮನೆಗಳ ನಡುಮನೆಯಲ್ಲಿ ದೇವರ ಪಟಗಳ ಮತ್ತು ಹಿರಿಯರ ಭಾವಚಿತ್ರಗಳ ಪಕ್ಕದಲ್ಲಿ ‘ಸೀನರಿ’ ಎಂಬ ಒಂದು ವಸ್ತು ತೂಗುತ್ತಿರುವುದುಂಟು. ಒಂದು ಹೊಳೆ, ದಡದಲ್ಲೊಂದು ಮನೆ, ನಾಲ್ಕು ಮರ, ಮೇಲೆ ಬೆಳ್ಮುಗಿಲು. ದೇವರ ಪಟಕ್ಕೆ ದಿನವೂ ಹೂ ಏರುತ್ತದೆ; ಹಿರಿಯರ ಪಟಕ್ಕೆ ವರ್ಷಕ್ಕೊಮ್ಮೆಯಾದರೂ ಹಾರ ಬೀಳುತ್ತದೆ. ಸೀನರಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಸುಣ್ಣ ಬಳಿಯುವಾಗ ಕೆಳಗಿಳಿಸಿದ ಮೇಲೆ, ಗೋಡೆಯಲ್ಲಿ ಉಳಿದ ಚೌಕದ ಗುರುತನ್ನು ಕಂಡು, ‘ಇಲ್ಲಿ ಏನೋ ಇತ್ತಲ್ಲ’ ಎಂದುಕೊಳ್ಳುತ್ತೇವೆ.

ಇಂಗ್ಲೆಂಡಿನ ಜನಕ್ಕೂ ಇಂಥದೊಂದು ಸೀನರಿಯುಂಟು. ಜಾನ್ ಕಾನ್‌ಸ್ಟೆಬಲ್ ಎಂಬ ಚಿತ್ರಕಾರನು 1821ರಲ್ಲಿ ಬರೆದ ‘ದಿ ಹೇ ವೇನ್’, ಎಂದರೆ ಹುಲ್ಲಿನ ಬಂಡಿ. ಸಫಕ್ ಸೀಮೆಯ ಸ್ಟೌರ್ ಹೊಳೆಯ ನಡುವೆ ಬಂಡಿಯೊಂದು ನಿಂತಿದೆ. ಎಡಕ್ಕೆ ರೈತನೊಬ್ಬನ ಮನೆ, ದಡದಲ್ಲೊಂದು ನಾಯಿ, ದೂರದ ಬಯಲಿನಲ್ಲಿ ಹುಲ್ಲು ಕೊಯ್ಯುವವರು. ಬರೆದ ವರ್ಷ ಲಂಡನ್ನಿನಲ್ಲಿ ಅದನ್ನು ಕೊಳ್ಳುವವರಿರಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಫ್ರಾನ್ಸಿನ ದೊರೆಯಿಂದ ಚಿನ್ನದ ಪದಕ ಬಂದಿತು. ಮುಂದೆ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ಸೇರಿತು. ಬಿಸ್ಕತ್ತಿನ ಡಬ್ಬಿಗಳನ್ನೂ ಚಹಾ ತಟ್ಟೆಗಳನ್ನೂ ಕೂಡ ಸೇರಿತು. ಹೀಗೆ ಎಲ್ಲೆಲ್ಲಿಯೂ ಇದ್ದುದರಿಂದಲೇ ಅದು ಯಾರ ಕಣ್ಣಿಗೂ ಬೀಳದಂತಾಯಿತು.

1980ರಲ್ಲಿ ಅಮೆರಿಕದ ಅಣ್ವಸ್ತ್ರ ಹೊತ್ತ ಕ್ರೂಸ್ ಕ್ಷಿಪಣಿಗಳನ್ನು ಇಂಗ್ಲೆಂಡಿನ ಎರಡು ವಾಯುನೆಲೆಗಳಲ್ಲಿ ಇರಿಸುವುದೆಂದು ಅಲ್ಲಿನ ಸರ್ಕಾರವು ಸಾರಿತು. ಯುದ್ಧ ಬಂದರೆ ಅವುಗಳನ್ನು ವಾಹನಗಳ ಮೇಲೇರಿಸಿ, ಹಳ್ಳಿಗಾಡಿನ ದಾರಿಗಳಲ್ಲಿ ಸಾಗಿಸಿ, ತೋಪುಗಳ ಮರೆಯಲ್ಲಿ ಅಡಗಿಸುವುದು ಯೋಜನೆ. ಆ ವರ್ಷವೇ ಪೀಟರ್ ಕೆನಾರ್ಡ್ ಎಂಬ ಕಲಾವಿದನು ಕಾನ್‌ಸ್ಟೆಬಲ್ಲನ ಚಿತ್ರದ ಒಂದು ಅಚ್ಚುಪ್ರತಿಯನ್ನು ತೆಗೆದುಕೊಂಡು, ಕ್ಷಿಪಣಿಗಳ ಛಾಯಾಚಿತ್ರವನ್ನು ಕತ್ತರಿಸಿ, ಆ ಬಂಡಿಯ ಮೇಲೆ ಅಂಟಿಸಿದನು. ಮಿಕ್ಕದ್ದೆಲ್ಲ ಇದ್ದಂತೆಯೇ ಇದೆ: ಅದೇ ಹೊಳೆ, ಅದೇ ಮುಗಿಲು, ಅದೇ ನಾಯಿ. ಒಂದು ಮೊಳದಷ್ಟೂ ಅಗಲವಿಲ್ಲದ ಈ ಹಾಳೆ ಭಿತ್ತಿಪತ್ರವಾಗಿ, ಅಂಚೆ ಕಾರ್ಡಾಗಿ ಊರೂರು ತಿರುಗಿತು. ಹಳ್ಳಿಗಾಡೆಂದರೆ ಶಾಂತಿಯೆಂದು ನಂಬಿದ್ದ ಜನಕ್ಕೆ, ಆ ಶಾಂತಿಯ ನಡುವೆ ಏನು ಬಂದು ನಿಲ್ಲಲಿದೆ ಎಂಬುದು ಭಾಷಣವಿಲ್ಲದೆ ತಿಳಿಯಿತು.

ಈ ಚಿತ್ರವನ್ನು ತೋರಿಸಿದಾಗ ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರು ಕನ್ನಡಕವನ್ನು ಹಣೆಗೇರಿಸಿ, “ಸ್ವಂತದ್ದೊಂದು ಚಿತ್ರ ಬರೆಯಲಾರದವನು ಹಿರಿಯರ ಚಿತ್ರಕ್ಕೆ ಕತ್ತರಿ ಹಾಕುತ್ತಾನೆ, ಅಲ್ಲವೇನ್ರೀ?” ಎಂದರು. ಮಾತು ಹಗುರವಾದದ್ದಲ್ಲ. ಹಿರಿಯರು ಮಾಡಿಟ್ಟದ್ದನ್ನು ಕಿರಿಯರು ಎಷ್ಟು ಮುಟ್ಟಬಹುದು? ಕಾವ್ಯವನ್ನು ಪಾಠ ಹೇಳಿ ಜೀವಿಸುವ ನನ್ನಂಥವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಮೂಲವೆಂಬುದಾದರೂ ಒಂದೇ ಉಸಿರಿನಲ್ಲಿ ಹುಟ್ಟಿದ್ದೆ? ಕಾನ್‌ಸ್ಟೆಬಲ್ ಅದನ್ನು ಹೊಳೆಯ ದಡದಲ್ಲಿ ಕುಳಿತು ಬರೆಯಲಿಲ್ಲ. ಹಿಂದೆ ಬರೆದಿದ್ದ ಸಣ್ಣ ಚಿತ್ರಗಳನ್ನು ಮುಂದಿಟ್ಟುಕೊಂಡು ಲಂಡನ್ನಿನ ಕೋಣೆಯಲ್ಲಿ ಹೊಂದಿಸಿದನು. ಅದೇ ಅಳತೆಯ ಕರಡೊಂದು ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ದಡದ ಮೇಲೊಬ್ಬ ಕುದುರೆಸವಾರನಿದ್ದಾನೆ. ಮುಗಿದ ಚಿತ್ರದಲ್ಲಿ ಅವನಿಲ್ಲ. ಯುದ್ಧಾನಂತರದ ದಿನಗಳಲ್ಲಿ ಕೂಲಿ ಸಾಲದೆ ಆ ಸೀಮೆಯ ರೈತಾಳುಗಳು 1816ರಲ್ಲೂ 1822ರಲ್ಲೂ ದಂಗೆಯೆದ್ದರು. ಆ ಬೇಗೆಯೂ ಚಿತ್ರದಲ್ಲಿಲ್ಲ. ಕತ್ತರಿಯನ್ನು ಮೊದಲು ಹಿಡಿದವನು ಮೂಲದ ಕರ್ತೃವೇ.

ಅಷ್ಟೇ ಅಲ್ಲ, ತನ್ನ ಚಿತ್ರಗಳನ್ನು ಅಚ್ಚಿಗೆ ಒಪ್ಪಿಸಿದವನೂ ಅವನೇ. ಡೇವಿಡ್ ಲೂಕಸ್ ಎಂಬ ತರುಣ ಕೆತ್ತನೆಗಾರನಿಂದ 1830ರಿಂದ 1832ರವರೆಗೆ ಇಪ್ಪತ್ತೆರಡು ಭೂದೃಶ್ಯಗಳನ್ನು ‘ಮೆಜೊಟಿಂಟ್’ ಕ್ರಮದಲ್ಲಿ ಅಚ್ಚು ಹಾಕಿಸಿದನು. ಈ ಕ್ರಮವೇ ಒಂದು ಸೋಜಿಗ. ಲೋಹದ ತಗಡಿನ ಮೈಯನ್ನೆಲ್ಲ ಮೊದಲು ಹಲ್ಲುಳ್ಳ ಉಪಕರಣದಿಂದ ತರಿತರಿ ಮಾಡುತ್ತಾರೆ. ಹಾಗೆಯೇ ಮಸಿ ಹಚ್ಚಿ ಒತ್ತಿದರೆ ಕಾಗದವೆಲ್ಲ ಕಗ್ಗತ್ತಲು. ಬಳಿಕ ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಲ್ಲಿ ಹೆರೆದು ನುಣುಪು ಮಾಡುತ್ತ ಬರಬೇಕು. ಕತ್ತಲೆಯಿಂದ ಬೆಳಕನ್ನು ಹೆರೆದು ತೆಗೆಯುವ ಕೆಲಸವದು. ಬಣ್ಣವೆಲ್ಲ ಹೋಗಿ ಕಪ್ಪು ಬಿಳುಪು ಮಾತ್ರ ಉಳಿದಾಗ, ಹಸಿರಿನಲ್ಲಿ ಮರೆಯಾಗಿದ್ದ ಮಳೆಮೋಡದ ಭಾರ ಎದ್ದು ಕಾಣುತ್ತದೆ. ಕಾನ್‌ಸ್ಟೆಬಲ್ ಕರಡಚ್ಚುಗಳನ್ನು ಮತ್ತೆ ಮತ್ತೆ ತಿದ್ದಿಸಿದನು. ತನ್ನ ಚಿತ್ರವನ್ನು ತಾನೇ ಹೊಸದಾಗಿ ಕಂಡನೆಂದರೂ ಸಲ್ಲುತ್ತದೆ.

ಹಿರಿಯ ಮಿತ್ರರಿಗೆ ನಾನು ಕೊಟ್ಟ ಉತ್ತರ ನಮ್ಮ ಪಂಪನದು. ಹತ್ತನೆಯ ಶತಮಾನದಲ್ಲಿ ಅವನು ವ್ಯಾಸರ ಭಾರತವನ್ನೆತ್ತಿಕೊಂಡು, ಅರ್ಜುನನ ಮುಖಕ್ಕೆ ತನ್ನ ದೊರೆ ಅರಿಕೇಸರಿಯ ಮುಖವನ್ನು ಹೊಂದಿಸಿದನು. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದನು. ಪಂಪ ಮಹಾಕವಿಯೆಂದಷ್ಟೇ ಹೇಳಿದರೆ ತರಗತಿಯ ಹುಡುಗರು ಭಕ್ತಿಯಿಂದ ತಲೆಯಾಡಿಸುತ್ತಾರೆ. ಸೀನರಿಯನ್ನು ನೋಡುವ ಕಣ್ಣು ಅದು. ಅವನು ಕಥೆಯನ್ನು ಹೀಗೆ ಕತ್ತರಿಸಿ ಜೋಡಿಸಿದನೆಂದು ಹೇಳಿದ ದಿನ ಹಿಂದಿನ ಬೆಂಚಿನವನು ಎದ್ದು, “ಹಾಗೆ ಮಾಡಬಹುದೇ, ಸಾರ್?” ಎಂದು ಕೇಳುತ್ತಾನೆ. ಕಾವ್ಯವು ಉಸಿರಾಡುವುದು ಆ ಪ್ರಶ್ನೆಯ ಗಳಿಗೆಯಲ್ಲಿ. ಪಂಪನಿಂದ ವ್ಯಾಸರಿಗೆ ಕುಂದಾಯಿತೆ? ಅವರ ಭಾರತ ಅವರದಾಗಿಯೇ ಉಳಿಯಿತು.

ಎಲ್ಲೆ ಇರುವುದು ಇಲ್ಲಿಯೇ. 2022ರ ಜುಲೈಯಲ್ಲಿ ಇಬ್ಬರು ಯುವ ಚಳವಳಿಗಾರರು ಲಂಡನ್ನಿನ ಮೂಲಚಿತ್ರದ ಮೇಲೆಯೇ ಮುದ್ರಿತ ಹಾಳೆಗಳನ್ನು ಅಂಟಿಸಿದರು. ಅವುಗಳಲ್ಲಿ ಹೊಳೆಯಿದ್ದೆಡೆ ರಸ್ತೆ, ಮುಗಿಲಿದ್ದೆಡೆ ವಿಮಾನಗಳು. ಬಿಸಿಯೇರುತ್ತಿರುವ ಭೂಮಿಯನ್ನು ಕುರಿತ ಅವರ ಕಳವಳ ಸುಳ್ಳಲ್ಲ. ಆದರೂ ಅರಗಿನ ಲೇಪಕ್ಕೆ ಅಲ್ಪಸ್ವಲ್ಪ ಘಾಸಿಯಾಯಿತು. ಪುಣ್ಯಕ್ಕೆ ಅದು ಸರಿಪಡಿಸಬಹುದಾದ ಘಾಸಿ. ಕೆನಾರ್ಡ್ ಕತ್ತರಿಸಿದ್ದು ಪ್ರತಿಯನ್ನು. ನೋಡಿದವರು ಮತ್ತೆ ಮೂಲಕ್ಕೆ ಹೋಗಬಹುದಿತ್ತು. ಮೂಲವನ್ನೇ ಮುಚ್ಚಿದರೆ ಹೋಗುವುದೆಲ್ಲಿಗೆ? ಈ ಒಂದು ಮಾತಿನಲ್ಲಿ ನಾನು ಹಿರಿಯ ಮಿತ್ರರ ಪಕ್ಷದವನು.

1983ರಲ್ಲಿ ಬಂದಿಳಿದ ಕ್ಷಿಪಣಿಗಳು, 1987ರಲ್ಲಿ ಎರಡು ಬಲಾಢ್ಯ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದಿಂದಾಗಿ 1991ರ ವೇಳೆಗೆ ಹಿಂದಿರುಗಿದವು. ಬಂಡಿ ಮಾತ್ರ ಸ್ಟೌರ್ ಹೊಳೆಯಲ್ಲಿ ನಿಂತೇ ಇದೆ. ಕೆನಾರ್ಡನ ಹಾಳೆಯನ್ನು ಒಮ್ಮೆ ಕಂಡವನು ಆ ಹಳೆಯ ಚಿತ್ರದ ಮುಂದೆ ನಿಂತರೆ, ಬಂಡಿಯಲ್ಲಿ ಏನಿದೆಯೆಂದು ಇಣುಕಿ ನೋಡದೆ ಇರಲಾರನು. ನೋಡಿದರೆ, ಹೆಸರಿಗೆ ಹುಲ್ಲಿನ ಬಂಡಿ, ಅದರಲ್ಲಿ ಹುಲ್ಲಿಲ್ಲ. ಅದು ಬರಿದಾಗಿದೆಯೆಂಬುದನ್ನು ಕಾಣಲು ಯಾರಾದರೊಬ್ಬರು ಅದನ್ನು ತುಂಬಿ ತೋರಿಸಬೇಕಾಯಿತು.